ಹಿತ್ತಿಲ ಕೋಣೆಗೆ ಅಲ್ಯೂಮಿನಿಯಂ ಕೊರೆಯುವ ಯಂತ್ರ ಬಂದರೆ...

ಅತ್ತೆಯ ಕಾಲದ ಚಕ್ಕುಲಿ ಒರಳು ಎಷ್ಟು ವರ್ಷವಾದರೂ ಹಾಳಾಗುವುದಿಲ್ಲ. ಕಳೆದುಹೋಗುವುದು ಅದರ ಬಿಲ್ಲೆ. ಗೋಕುಲಾಷ್ಟಮಿಗೆ ಇನ್ನೆರಡೇ ದಿನ ಅನ್ನುವಾಗ ಡಬ್ಬಿಗಳನ್ನೆಲ್ಲ ತಡಕಾಡಿದರೆ ಶ್ಯಾವಿಗೆಯ ಬಿಲ್ಲೆ ಸಿಗುತ್ತದೆ, ಖಾರಸೇವೆಯ ಬಿಲ್ಲೆ ಸಿಗುತ್ತದೆ, ನಕ್ಷತ್ರದ ತೂತಿನ ಬಿಲ್ಲೆ ಮಾತ್ರ ಪತ್ತೆಯಿಲ್ಲ! ಪಾತ್ರೆ ಅಂಗಡಿಯವನನ್ನು ಕೇಳಿದರೆ, "ಬಿಡಿ ಬಿಲ್ಲೆ ಬರಲ್ಲ ಅಕ್ಕಾ, ಹೊಸ ಒರಳೇ ತಗೊಂಡ್ಬಿಡಿ" ಎಂದು ನಗುತ್ತಾನೆ. ಹೊಸ ಒರಳಿನ ಬಿಲ್ಲೆ ಹಳೆಯದಕ್ಕೆ ಕೂಡುವುದಿಲ್ಲ. ಕೂದಲೆಳೆಯಷ್ಟು ದೊಡ್ಡದಾದರೆ ಒಳಗೆ ಇಳಿಯದು, ಚಿಕ್ಕದಾದರೆ ಅಂಚಿನಿಂದ ಹಿಟ್ಟು ಸೋರುತ್ತದೆ.

ಹಳೆಯ ಒರಳಿನ ಅಳತೆಗೆ ಸರಿಯಾಗಿ ಅಂಥದೊಂದು ಬಿಲ್ಲೆಯನ್ನು ಅಲ್ಯೂಮಿನಿಯಂ ತಗಡಿನಿಂದ ಅರ್ಧ ಗಂಟೆಯಲ್ಲಿ ಕೊರೆದು ಕೊಡುವ ಯಂತ್ರವೊಂದಿದೆ. ಊಟದ ಮೇಜಿನಷ್ಟು ಜಾಗ ಸಾಕು. ಹೆಸರು ಸಿ.ಎನ್.ಸಿ. ರೂಟರ್. ನಿಮ್ಮ ಊರಿನಲ್ಲೂ ಇದ್ದೀತು. ದೇವರ ಮನೆಯ ಬಾಗಿಲಿಗೆ ಹೂಬಳ್ಳಿ ಕೆತ್ತುವವರು, ಮನೆಯ ಹೆಸರಿನ ಫಲಕ ಮಾಡುವವರು ಇದನ್ನೇ ಇಟ್ಟುಕೊಂಡಿರುತ್ತಾರೆ. ಮರ ಕೆತ್ತುವ ಇದೇ ಯಂತ್ರದಲ್ಲಿ ಈಗ ಅಲ್ಯೂಮಿನಿಯಂ ಕೊರೆಯುವ ಆಸೆ ಅನೇಕ ಹುಡುಗ ಹುಡುಗಿಯರಿಗೆ ಬಂದಿದೆ. ಡಿಪ್ಲೊಮಾ ಮುಗಿಸಿ ಮನೆಯಲ್ಲಿರುವ ಮಗನೋ ಮಗಳೋ ಒಂದು ದಿನ, "ಅಮ್ಮಾ, ಹಿತ್ತಿಲ ಕೋಣೆ ಖಾಲಿ ಮಾಡಿಕೊಡು, ಒಂದು ಮಿಷನ್ ಹಾಕ್ತೀನಿ" ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಕಡೆಗೆ ಬಂದು ನಿಲ್ಲುವುದು ಅಮ್ಮನ ಕೈಬಳೆಯ ಮೇಲೆ!

ಬಳೆ ಕೊಡಬೇಕೇ, ಬೇಡವೇ? ಅದನ್ನು ಹೇಳಲು ನಾನ್ಯಾರು? ಆದರೆ ಕೊಡುವ ಮೊದಲು ಈ ಯಂತ್ರ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದು ತಾಯಿಗೂ ಗೊತ್ತಿರಬೇಕು. "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಎಂಬ ಮಾತನ್ನು ಮಾತ್ರ ಒಪ್ಪಬೇಡಿ. ಚುಕ್ಕಿ ರಂಗೋಲಿ ಹಾಕಿದವರಿಗೆ, ಹಲಸಿನ ಹಣ್ಣು ಬಿಡಿಸಿದವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಚುಕ್ಕಿ ರಂಗೋಲಿಯ ಲೆಕ್ಕ

ಫೋನಿನಲ್ಲಿ ತಂಗಿಗೆ ರಂಗೋಲಿ ಹೇಳಿಕೊಡುತ್ತಿದ್ದೀರಿ ಎಂದುಕೊಳ್ಳಿ. "ಎರಡನೇ ಸಾಲಿನ ಮೂರನೇ ಚುಕ್ಕಿಯಿಂದ ಐದನೇ ಸಾಲಿನ ಮೂರನೇ ಚುಕ್ಕಿಗೆ ಗೆರೆ ಎಳಿ" ಎನ್ನುತ್ತೀರಿ. ಅವಳು ಚಿತ್ರವನ್ನು ನೋಡದೆಯೇ ಎಳೆಯುತ್ತಾಳೆ. ಯಂತ್ರಕ್ಕೆ ಕಂಪ್ಯೂಟರು ಹೇಳುವುದೂ ಇಷ್ಟೇ: ಎಡಬಲಕ್ಕೆ ಇಷ್ಟು, ಹಿಂದುಮುಂದಕ್ಕೆ ಇಷ್ಟು, ಕೆಳಕ್ಕೆ ಇಷ್ಟು, ಇಷ್ಟು ವೇಗದಲ್ಲಿ ಹೋಗು. ಇಂಥ ನೂರಾರು ಸಾಲುಗಳ ಪಟ್ಟಿಗೆ ಜಿ-ಕೋಡ್ ಎಂದು ಹೆಸರು. ರಂಗೋಲಿ ಪುಡಿ ಹಿಡಿದ ಬೆರಳಿನ ಜಾಗದಲ್ಲಿ ಇಲ್ಲಿ ಗಿರಗಿರನೆ ತಿರುಗುವ ಒಂದು ಕಟರ್ ಇರುತ್ತದೆ, ಅಷ್ಟೇ ವ್ಯತ್ಯಾಸ.

ಪಟ್ಟಿ ನೋಡಿ ಯಂತ್ರ ತಾನೇ ಕೆಲಸ ಮಾಡುವ ಈ ಉಪಾಯ ನಮ್ಮ ಸೀರೆಗಳಿಗೂ ಹೊಸದಲ್ಲ. ತೂತು ಕೊರೆದ ರಟ್ಟುಗಳನ್ನು ನೋಡಿಕೊಂಡು ಅಂಚಿನ ಹೂವು ನೇಯುವ ಮಗ್ಗವನ್ನು ಫ್ರಾನ್ಸಿನ ಜಕಾರ್ಡ್ ಎಂಬಾತ 1804ರಷ್ಟು ಹಿಂದೆಯೇ ಮಾಡಿದ್ದ. ರೇಷ್ಮೆ ಸೀರೆ ನೇಯುವವರು ಇವತ್ತಿಗೂ ಅದನ್ನು ಜಕಾರ್ಡ್ ಎಂದೇ ಕರೆಯುತ್ತಾರೆ. ಲೋಹಕ್ಕೆ ಈ ವಿದ್ಯೆ ಬಂದದ್ದು ಅಮೆರಿಕದಲ್ಲಿ. ಹೆಲಿಕಾಪ್ಟರಿನ ರೆಕ್ಕೆಗಳ ಅಳತೆ ಕೈಲೆಕ್ಕದಲ್ಲಿ ಕೂಡಿಬರದೆ ಒದ್ದಾಡುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತ ಅಂಕಿಗಳಿಂದಲೇ ಯಂತ್ರ ನಡೆಸುವ ದಾರಿ ಹುಡುಕಿದ. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು 1952ರಲ್ಲಿ, ತೂತು ಹೊಡೆದ ಕಾಗದದ ಪಟ್ಟಿ ಓದಿಕೊಂಡು ಲೋಹ ಕೊರೆಯುವ ಯಂತ್ರವನ್ನು ನಡೆಸಿ ತೋರಿಸಿದರು. ಆಗ ಅದು ದೊಡ್ಡ ಕಾರ್ಖಾನೆಯ, ವಿಮಾನ ಕಟ್ಟುವವರ ಸ್ವತ್ತು. ಮನೆಯ ಕೋಣೆಗೆ ಇಳಿದದ್ದು ಈಚೆಗೆ. 2009ರಲ್ಲಿ ಶುರುವಾದ ಜಿ.ಆರ್.ಬಿ.ಎಲ್. ಎಂಬ ಪುಕ್ಕಟೆ ತಂತ್ರಾಂಶ, ಅಂಗೈಯಗಲದ ಒಂದು ಅಗ್ಗದ ವಿದ್ಯುನ್ಮಾನ ಹಲಗೆ, ಇವೆರಡೇ ಯಂತ್ರದ ಮಿದುಳಾಗಲು ಸಾಕು ಎಂದಾದ ಮೇಲೆ ಬೆಲೆ ಇಳಿಯಿತು.

ಆದರೆ ಮಿದುಳು ಅದೇ ಆದರೂ ಮೈ ಅದಲ್ಲ! ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಪೀಣ್ಯದ ಕಾರ್ಖಾನೆಗಳಲ್ಲಿ ಲೋಹ ಕೊರೆಯುವ ದೊಡ್ಡ ಯಂತ್ರ ಎರಕದ ಕಬ್ಬಿಣದ್ದು. ಟನ್ನುಗಟ್ಟಲೆ ತೂಕ, ಇಳಿಸಲು ಕ್ರೇನೇ ಬೇಕು. ನಾವು ಹೇಳುತ್ತಿರುವ ಚಿಕ್ಕ ರೂಟರನ್ನು ಇಬ್ಬರು ಎತ್ತಿ ಪಕ್ಕಕ್ಕಿಡಬಹುದು. ಮರ ಮೆತ್ತಗಿನದು, ಕಟರ್ ಹೋದ ಕಡೆ ದಾರಿ ಬಿಡುತ್ತದೆ. ಲೋಹ ಹಾಗಲ್ಲ, ಎದುರು ನೂಕುತ್ತದೆ. ಹಗುರ ಮೈಯ ಯಂತ್ರ ಆ ನೂಕಿಗೆ ಬಾಗುತ್ತದೆ, ನಡುಗುತ್ತದೆ. ನಡುಗಿದರೆ ಅಂಚು ಗರಗಸದ ಹಲ್ಲಿನಂತೆ ಬರುತ್ತದೆ, ಇಲ್ಲವೇ ಕಟರ್ ಟಕ್ಕನೆ ಮುರಿಯುತ್ತದೆ. ಹಾಗಾದರೆ ಚಿಕ್ಕ ಯಂತ್ರದಲ್ಲಿ ಅಲ್ಯೂಮಿನಿಯಂ ಆಗುವುದೇ ಇಲ್ಲವೇ? ಖಂಡಿತ ಆಗುತ್ತದೆ. ಮಗುವಿಗೆ ಅನ್ನ ಉಣಿಸಿದ ಹಾಗೆ ಸಣ್ಣ ಸಣ್ಣ ತುತ್ತು ಕೊಡಬೇಕು.

ಹಲಸಿನ ಹಣ್ಣು ಮತ್ತು ಅಲ್ಯೂಮಿನಿಯಂ

ಹಲಸಿನ ಹಣ್ಣು ಕೊಯ್ಯುವ ಮೊದಲು ಏನು ಮಾಡುತ್ತೀರಿ? ಕತ್ತಿಗೂ ಕೈಗೂ ಎಣ್ಣೆ ಸವರಿಕೊಳ್ಳುತ್ತೀರಿ. ಇಲ್ಲದಿದ್ದರೆ ಮೇಣ ಮೆತ್ತಿಕೊಂಡು ಕತ್ತಿ ಮುಂದೆ ಸರಿಯದು. ಅಲ್ಯೂಮಿನಿಯಂ ಕೂಡ ಅಂಥ ಮೇಣದ ಜಾತಿಯೇ. ಕೊರೆಯುವಾಗ ಬಿಸಿಯಾದರೆ ಮೆತ್ತಗಾಗಿ ಕಟರಿನ ಹಲ್ಲಿಗೇ ಬೆಸೆದುಕೊಳ್ಳುತ್ತದೆ. ಹಲ್ಲು ತುಂಬಿಕೊಂಡ ಮೇಲೆ ಅದು ಕೊರೆಯುವ ಆಯುಧವಾಗಿ ಉಳಿಯುವುದಿಲ್ಲ, ಬರೀ ಉಜ್ಜುವ ಕಡ್ಡಿಯಾಗುತ್ತದೆ. ಇನ್ನಷ್ಟು ಬಿಸಿ, ಇನ್ನಷ್ಟು ಅಂಟು, ಆಮೇಲೆ ಟಕ್!

ಇದನ್ನು ತಪ್ಪಿಸುವ ಉಪಾಯ ಮೊದಲು ಕೇಳಿದಾಗ ವಿಚಿತ್ರವೆನ್ನಿಸುತ್ತದೆ. ಹೆದರಿ ಹೆದರಿ ನಿಧಾನವಾಗಿ ಕಟರನ್ನು ಸರಿಸಿದರೆ ಕೆಲಸ ಕೆಡುತ್ತದೆ. ಆಳ ಕಡಿಮೆ ಇರಲಿ, ನಡಿಗೆ ಮಾತ್ರ ಚುರುಕಾಗಿರಲಿ. ಕಟರಿನ ಹಲ್ಲು ಪ್ರತಿ ಸುತ್ತಿಗೂ ಒಂದು ನಿಜವಾದ ಚೂರನ್ನು ಕಿತ್ತು ಹೊರಗೆ ಹಾಕಬೇಕು. ಆ ಚೂರೇ ಬಿಸಿಯನ್ನು ಹೊತ್ತುಕೊಂಡು ಹೋಗುವುದು. ಕೆಲಸದವರು ಇದನ್ನು ಚಿಪ್ಸ್ ಎನ್ನುತ್ತಾರೆ (ಆಲೂಗಡ್ಡೆಯದಲ್ಲ!).

ಲೆಕ್ಕ ಬಲು ಸುಲಭ. ಕಟರ್ ನಿಮಿಷಕ್ಕೆ 18,000 ಸುತ್ತು ತಿರುಗುತ್ತದೆ, ಅದಕ್ಕೆ ಒಂದೇ ಹಲ್ಲು ಇದೆ, ಪ್ರತಿ ಸುತ್ತಿಗೂ 0.03 ಮಿಲಿಮೀಟರ್ ದಪ್ಪದ ಚೂರು ತೆಗೆಯಬೇಕು ಎಂದಿಟ್ಟುಕೊಳ್ಳಿ. ಗುಣಿಸಿದರೆ ನಿಮಿಷಕ್ಕೆ 540 ಮಿಲಿಮೀಟರ್. ಅದೇ ಯಂತ್ರ ನಡೆಯಬೇಕಾದ ವೇಗ. ಯಂತ್ರಕ್ಕೆ ಅಷ್ಟು ಓಡಲು ಶಕ್ತಿಯಿಲ್ಲವೇ? ಹಾಗಾದರೆ ಸುತ್ತನ್ನು 12,000ಕ್ಕೆ ಇಳಿಸಿ, ವೇಗ 360 ಸಾಕಾಗುತ್ತದೆ. ಒಲೆಯ ಉರಿ ಮತ್ತು ಸೌಟು ತಿರುಗಿಸುವ ವೇಗ ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವ ಹಾಗೆಯೇ ಇದು. ಒಂದು ಸಲಕ್ಕೆ ಇಳಿಯುವ ಆಳ ಮಾತ್ರ ಕಾಲು ಮಿಲಿಮೀಟರಿನಷ್ಟು. 3 ಮಿಲಿಮೀಟರ್ ದಪ್ಪದ ತಗಡಾದರೆ ಅದೇ ದಾರಿಯಲ್ಲಿ 12 ಸಲ ಸುತ್ತಬೇಕು. 50 ಮಿಲಿಮೀಟರ್ ಅಗಲದ ಬಿಲ್ಲೆಯ ಹೊರಗೆರೆಗೆ ಕಟರ್ ಒಟ್ಟು ಸುಮಾರು 2 ಮೀಟರ್ ನಡೆಯುತ್ತದೆ, ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಯಂತ್ರಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ತಗಡನ್ನು ಬಿಗಿಯುವುದಕ್ಕೆ, ಅಳತೆ ನೋಡುವುದಕ್ಕೆ.

ಒಂದೇ ಹಲ್ಲಿನ ಕಟರ್ ಏಕೆಂದರೆ, ಹಲ್ಲು ಕಡಿಮೆಯಾದಷ್ಟೂ ಚೂರು ಹೊರಬರಲು ಜಾಗ ಹೆಚ್ಚು. ಕಾರ್ಬೈಡಿನದು, ನುಣುಪಾಗಿ ಹೊಳಪು ಕೊಟ್ಟದ್ದು, ಮೇಲೆ ಲೇಪವಿಲ್ಲದ್ದು ಒಳ್ಳೆಯದು. ಉಕ್ಕು ಕೊರೆಯಲು ಮಾಡಿದ ಕೆಲವು ದುಬಾರಿ ಕಟರುಗಳ ಲೇಪದಲ್ಲಿ ಅಲ್ಯೂಮಿನಿಯಮ್ಮೇ ಇರುತ್ತದೆ. ಜಾತಿ ಜಾತಿಗೆ ಅಂಟಿಕೊಂಡಂತೆ ಅದು ಬೇಗ ಮೆತ್ತಿಕೊಳ್ಳುತ್ತದೆ. ಹೆಚ್ಚು ದುಡ್ಡು ಕೊಟ್ಟದ್ದೇ ಒಳ್ಳೆಯದು ಎಂಬ ಭ್ರಮೆ ಇಲ್ಲಿ ಬೇಡ.

ಇನ್ನು ಎಣ್ಣೆ. ಹಲಸಿನ ಕತ್ತಿಗೆ ಸವರಿದಷ್ಟೇ ಇಲ್ಲಿಯೂ. ತೆಳುವಾದ ಕಟಿಂಗ್ ಆಯಿಲನ್ನು ಆಗಾಗ ನಾಲ್ಕು ಹನಿ ಬಿಟ್ಟರೆ ಸಾಕು. ಜೊತೆಗೆ ಗಾಳಿ ಊದುವ ಸಣ್ಣ ಕೊಳವೆ ಇದ್ದರೆ ಚೂರು ಅಲ್ಲೇ ನಿಂತು ಮತ್ತೆ ಹಲ್ಲಿಗೆ ಸಿಗುವುದು ತಪ್ಪುತ್ತದೆ. ಲೇತು ಕೆಲಸದವರು ಹಿಂದಿನಿಂದಲೂ ಅಲ್ಯೂಮಿನಿಯಮ್ಮಿಗೆ ಸೀಮೆಎಣ್ಣೆ ಬಳಸಿದವರೇ, ಕೆಲವರು ಸ್ಪಿರಿಟ್ ಹಾಕುತ್ತಾರೆ. ಮನೆಯ ಕೋಣೆಯಲ್ಲಿ ಎರಡೂ ಬೇಡ, ಬೆಂಕಿಯ ಭಯ.

ಹಳೆಯ ಪಾತ್ರೆಯ ತಳ ಕೊಯ್ದು ಬಿಲ್ಲೆ ಮಾಡಬಹುದಲ್ಲ ಎಂದು ಯಾರಾದರೂ ಜಾಣತನ ತೋರಿಸಿಯಾರು. ಪಾತ್ರೆಯ ಅಲ್ಯೂಮಿನಿಯಂ ಸಾಮಾನ್ಯವಾಗಿ ಹೆಚ್ಚು ಶುದ್ಧ, ಆದ್ದರಿಂದಲೇ ಹೆಚ್ಚು ಮೆತ್ತಗೆ, ಹೆಚ್ಚು ಅಂಟು. ಯಂತ್ರಕ್ಕೆ ಬೇಕಾದದ್ದು ಮೆಗ್ನೀಸಿಯಂ, ಸಿಲಿಕಾನ್ ಬೆರೆಸಿ, ಕಾಯಿಸಿ ಗಟ್ಟಿ ಮಾಡಿದ ಮಿಶ್ರಲೋಹ. 6061 ಅಥವಾ 6082 ಎಂದು ನಂಬರು ಹೇಳಿ ಕೇಳಬೇಕು. ಲೋಹದ ಅಂಗಡಿಯವನು "ಎಲ್ಲಾ ಒಂದೇ" ಎಂದರೆ ಮುಂದಿನ ಅಂಗಡಿಗೆ ನಡೆಯಿರಿ. ಅಕ್ಕಿ ಅಂಗಡಿಯಲ್ಲಿ ನಾವು ಹಾಗೆಯೇ ಮಾಡುವುದಲ್ಲವೇ?

"ನೋಡದೆ ಕೊಡಲ್ಲ ಕಣೇ"

ನನಗೆ ಪರಿಚಯದ ಒಂದು ಮನೆಯ ಸಂಗತಿ ಹೇಳಬೇಕು. ತಾಯಿ ಹೊಲಿಗೆ ಮಾಡಿಯೇ ಮಗಳನ್ನು ಪಾಲಿಟೆಕ್ನಿಕ್ ಓದಿಸಿದಾಕೆ. ಮಗಳು ಈ ರೂಟರಿನ ಹುಚ್ಚು ಹಿಡಿಸಿಕೊಂಡಳು. ಮಾರುವವನು ಫೋನಿಗೆ ಕಳಿಸಿದ ಚಿತ್ರದಲ್ಲಿ ಅಲ್ಯೂಮಿನಿಯಂ ಬೆಣ್ಣೆಯಂತೆ ಕುಯ್ದುಹೋಗುತ್ತಿತ್ತು.

"ಅಮ್ಮಾ, ಎರಡು ಬಳೆ ಅಡ ಇಟ್ರೆ ಮುಂಗಡಕ್ಕೆ ಆಗತ್ತೆ. ಆರು ತಿಂಗಳಲ್ಲಿ ಬಿಡಿಸಿಕೊಡ್ತೀನಿ."

"ಬಳೆ ಕೊಡಲ್ಲ ಅಂತ ಅಲ್ಲ. ನೋಡದೆ ಕೊಡಲ್ಲ ಕಣೇ. ಹೊಲಿಗೆ ಮಿಷನ್ ತಗೊಳ್ಳೋವಾಗಲೂ ನಾನು ಬಟ್ಟೆ ತಗೊಂಡು ಹೋಗಿ ಹೊಲಿದು ನೋಡೇ ತಂದಿದ್ದು."

ಇಬ್ಬರೂ ಬಸ್ಸು ಹತ್ತಿ ಹೋದರು. ಹೋಗುವಾಗ ಒಂದು ಅಂಗೈಯಗಲದ 6061 ತಗಡನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದರು. ಮೊದಲ ಅಂಗಡಿಯವನು ಮರದ ಮೇಲೆ ಗಣಪತಿಯನ್ನು ಸೊಗಸಾಗಿ ಕೆತ್ತಿ ತೋರಿಸಿದ. "ಇದರ ಮೇಲೆ ಒಂದು ರೌಂಡು, ಒಂದು ಚೌಕ ತೆಗೀರಿ" ಎಂದು ಈಕೆ ತಗಡು ಮುಂದಿಟ್ಟಾಗ ಅವನ ಮುಖ ಸ್ವಲ್ಪ ಇಳಿಯಿತು. ಎರಡು ಸುತ್ತು ಆಗುವಷ್ಟರಲ್ಲಿ ಯಂತ್ರ ಕಿರುಚತೊಡಗಿತು. ಮೂರನೆಯ ಸುತ್ತಿಗೆ ಕಟರ್ ಮುರಿದು ಗೋಡೆಗೆ ಹಾರಿತು. "ನಿಮ್ಮ ಮೆಟೀರಿಯಲ್ಲೇ ಸರಿ ಇಲ್ಲ ಅಮ್ಮಾ" ಎಂದನಂತೆ. ತಾಯಿ ಮಾತಾಡದೆ ತಗಡು ಎತ್ತಿಕೊಂಡು ಹೊರಗೆ ಬಂದಳು.

ಎರಡನೆಯ ಕಡೆ ಮಾರುವವನು ಮಾತಿನ ಮಲ್ಲನಲ್ಲ. "ಇದು ಮರದ ಯಂತ್ರ, ಅಲ್ಯೂಮಿನಿಯಂ ನಿಧಾನಕ್ಕೆ ಆಗತ್ತೆ, ದಪ್ಪ ಕೆಲಸ ಒಪ್ಕೋಬೇಡಿ" ಎಂದು ಮೊದಲೇ ಹೇಳಿದ. ಅದೇ ತಗಡಿನ ಮೇಲೆ ಕಾಲು ಕಾಲು ಮಿಲಿಮೀಟರಿನಂತೆ ಇಳಿಸಿ ಚೌಕ ತೆಗೆದುಕೊಟ್ಟ. ಮಗಳು ಚೌಕದ ಎರಡು ಕರ್ಣಗಳನ್ನೂ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದಳು, ಎರಡೂ ಸರಿಸಮ. ವೃತ್ತವನ್ನು ನಾಲ್ಕು ದಿಕ್ಕಿನಿಂದ ಅಳೆದಳು, ಮೊಟ್ಟೆಯಾಕಾರವಾಗಿರಲಿಲ್ಲ. ತಾಯಿ ಅಳೆಯಲಿಲ್ಲ, ಕೆಲಸ ಮುಗಿದ ಕೂಡಲೇ ತಗಡನ್ನು ಮುಟ್ಟಿ ನೋಡಿದಳು. ಉಗುರುಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಕೆಳಗೆ ಬಿದ್ದ ಚೂರನ್ನು ಕಾಗದದ ಮೇಲೆ ಎತ್ತಿ ನೋಡಿದಳು. ಪುಡಿಯಲ್ಲ, ಪುಟ್ಟ ಪುಟ್ಟ ಸುರುಳಿ. ಹೊಲಿಗೆ ಯಂತ್ರದ ಸದ್ದು ಕೇಳಿಯೇ ಸೂಜಿ ಮೊಂಡಾಗಿದೆ ಎಂದು ಹೇಳುವ ಆಕೆಗೆ ಎರಡು ಯಂತ್ರಗಳ ಸದ್ದಿನ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕಿರುಚುತ್ತಿತ್ತು, ಇನ್ನೊಂದು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು.

ಆ ಎರಡನೆಯ ಯಂತ್ರ ಮನೆಗೆ ಬಂತು. ಬಳೆ ಮಾತ್ರ ಅಡಕ್ಕೆ ಹೋಗಲಿಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲ ತಿಂಗಳುಗಳಲ್ಲಿ ಮರದ ಹೆಸರು ಫಲಕ, ಅಕ್ರಿಲಿಕ್ ಅಕ್ಷರ. ಅದೇ ಅನ್ನ ಕೊಟ್ಟದ್ದು. ಅಲ್ಯೂಮಿನಿಯಂ ಕಲಿಕೆ ರಾತ್ರಿ ಹೊತ್ತು, ಚೂರುಪಾರು ತಗಡಿನ ಮೇಲೆ. ಇದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಬರೀ ಅಲ್ಯೂಮಿನಿಯಂ ನಂಬಿಕೊಂಡು ಮೊದಲ ದಿನದಿಂದಲೇ ಕಂತು ಕಟ್ಟುತ್ತೇನೆ ಎನ್ನುವವರಿಗೆ ಸ್ವಲ್ಪ ತಡೆಯಿರಿ ಎನ್ನಿ.

ನಕ್ಷತ್ರದ ಮೂಲೆ

ಆ ಹುಡುಗಿ ಮಾಡಿದ ಮೊದಲ ಚಕ್ಕುಲಿ ಬಿಲ್ಲೆಯ ತೂತು ನಕ್ಷತ್ರವಾಗದೆ ಹೂವಾಗಿತ್ತು! ಕಾರಣ ಸ್ವಾರಸ್ಯಕರ. ದುಂಡಗೆ ತಿರುಗುವ ಕಟರ್ ಚೂಪು ಮೂಲೆಯೊಳಕ್ಕೆ ಹೋಗಲಾರದು; ತನ್ನ ಅರ್ಧ ಅಗಲದಷ್ಟು ದುಂಡನ್ನು ಮೂಲೆಯಲ್ಲಿ ಬಿಟ್ಟೇ ಬಿಡುತ್ತದೆ. ಡಬ್ಬಿಯ ಮೂಲೆಗೆ ದಪ್ಪ ಬೆರಳು ಹೋಗದ ಹಾಗೆ. 3 ಮಿಲಿಮೀಟರ್ ಕಟರಿನಲ್ಲಿ ಪುಟ್ಟ ನಕ್ಷತ್ರ ಕೊರೆದರೆ ಅದರ ಮೊನೆಗಳೆಲ್ಲ ದಾಸವಾಳದ ಎಸಳಿನಂತಾಗುತ್ತವೆ. ಆ ಬಿಲ್ಲೆಯಲ್ಲಿ ಒತ್ತಿದರೆ ಚಕ್ಕುಲಿಗೆ ಮುಳ್ಳು ಏಳದು. ಮುಳ್ಳು ಏಳದ ಚಕ್ಕುಲಿ ನೋಡಲೂ ಚೆನ್ನಿಲ್ಲ, ಎಣ್ಣೆಯಲ್ಲಿ ಗರಿಗರಿಯಾಗುವುದೂ ಕಡಿಮೆ.

ಆದ್ದರಿಂದ ಹೊರಗೆರೆಗೆ ದಪ್ಪ ಕಟರ್, ನಕ್ಷತ್ರಕ್ಕೆ 1 ಮಿಲಿಮೀಟರ್ ಕಟರ್. ಈ ಸಣ್ಣದು ಸೂಜಿಯಂತೆ ಸೂಕ್ಷ್ಮ. ಒಂದು ಸುತ್ತಿಗೆ 0.1 ಮಿಲಿಮೀಟರಿಗಿಂತ ಹೆಚ್ಚು ಇಳಿಸಬಾರದು. 3 ಮಿಲಿಮೀಟರಿಗೆ 30 ಸುತ್ತು. ಇಳಿಯುವಾಗಲೂ ಮೊಳೆ ಹೊಡೆದ ಹಾಗೆ ನೆಟ್ಟಗೆ ಇಳಿಸದೆ, ಇಳಿಜಾರಿನಲ್ಲಿ ನಡೆದಂತೆ ಓರೆಯಾಗಿ ಇಳಿಸಬೇಕು. ಮೊನೆ ಇನ್ನೂ ಚೂಪಾಗಬೇಕೆಂದರೆ ಅಕ್ಕಸಾಲಿಗರ ಸಣ್ಣ ಅರದಿಂದ ಕೈಯಲ್ಲೇ ತೀಡಬೇಕು.

ಬಿಲ್ಲೆ ಪೂರ್ತಿ ಕತ್ತರಿಸಿ ಬಿಡುಗಡೆಯಾಗುವ ಕ್ಷಣ ಅಪಾಯದ್ದು. ಬಿಡಿಯಾದ ತುಂಡು ತಿರುಗುವ ಕಟರಿಗೆ ಸಿಕ್ಕಿ ನಾಣ್ಯದಂತೆ ಹಾರುತ್ತದೆ. ಅದಕ್ಕಾಗಿ ಅಂಚಿನಲ್ಲಿ ಮೂರು ನಾಲ್ಕು ಕಡೆ ತೆಳುವಾದ ಸೇತುವೆಗಳನ್ನು ಕೊರೆಯದೆ ಉಳಿಸಿ, ಆಮೇಲೆ ಕೈಯಿಂದ ಮುರಿದು ಅರದಿಂದ ತೀಡುತ್ತಾರೆ.

ಅಡುಗೆಗೆ ಬಳಸುವ ವಸ್ತುವಾದ್ದರಿಂದ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೊರೆದ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ನಿಂತಿರುತ್ತವೆ. ಕೆಲಸದವರು 'ಬರ್' ಎನ್ನುತ್ತಾರೆ. ಅದು ಹಿಟ್ಟಿನೊಂದಿಗೆ ಕಳಚಿ ಬಂದರೆ ಮಕ್ಕಳ ಬಾಯಿಗೆ ಹೋಗುವುದು ಲೋಹದ ಚೂರು! ಎರಡೂ ಮುಖದ ಅಂಚನ್ನು ಸಣ್ಣ ಅರ, ನುಣ್ಣನೆಯ ಉಪ್ಪುಕಾಗದದಿಂದ ತೀಡಬೇಕು. ಹತ್ತಿಯನ್ನು ತೂತಿನ ಸುತ್ತ ಎಳೆದು ನೋಡಿ, ಒಂದು ಎಳೆಯೂ ಸಿಕ್ಕಿಕೊಳ್ಳಬಾರದು. ಆಮೇಲೆ ಬಿಸಿನೀರು, ಸೋಪಿನಲ್ಲಿ ಎಣ್ಣೆಯ ವಾಸನೆ ಹೋಗುವವರೆಗೆ ತಿಕ್ಕಿ ತೊಳೆಯಬೇಕು. ಮೊದಲ ಒಂದು ಉಂಡೆ ಹಿಟ್ಟನ್ನು ಒತ್ತಿ ಎಸೆದುಬಿಡಿ. ಹುಣಿಸೆ, ನಿಂಬೆಯ ಹುಳಿಗೆ ಅಲ್ಯೂಮಿನಿಯಂ ಕರಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಬಿಲ್ಲೆಯನ್ನು ತೊಳೆದು ಒರೆಸಿ ಎತ್ತಿಡಬೇಕೇ ಹೊರತು ಹುಳಿ ಪಾತ್ರೆಗಳ ಜೊತೆ ನೆನೆಹಾಕಬಾರದು.

ಸೆರಗು, ಜಡೆ, ಮಕ್ಕಳು

ಯಂತ್ರವನ್ನು ಯಾರೇ ನಡೆಸಲಿ, ಮನೆಯೊಳಗೆ ಅದು ಇರುವಾಗ ಕಾವಲು ಮನೆಯಾಕೆಯದೇ ಆಗಿಬಿಡುತ್ತದೆ. ಮಿಕ್ಸಿಯ ಬ್ಲೇಡಿಗಾದರೆ ಮುಚ್ಚಳವಿದೆ. ಇಲ್ಲಿ ಕಟರ್ ಬಯಲಿನಲ್ಲೇ ತಿರುಗುತ್ತದೆ. ಸೆರಗು, ದುಪಟ್ಟಾ ಸಿಕ್ಕಿಸಿಕೊಂಡರೆ ಸಾಲದು. ಮೇಲೊಂದು ಮೈಗೊಪ್ಪುವ ಅಂಗಿ ಹಾಕಿ ಗುಂಡಿ ಹಾಕಿಕೊಳ್ಳಬೇಕು. ಜಡೆಯನ್ನು ತುರುಬು ಕಟ್ಟಿ ಬಟ್ಟೆ ಸುತ್ತಬೇಕು. ಬಳೆ, ಉಂಗುರ ತೆಗೆದಿಡಬೇಕು. ತಾಳಿ ಸರ ಕುಪ್ಪಸದೊಳಗೆ ಇರಲಿ. ಕೈಗವಸು ಹಾಕಿಕೊಂಡರೆ ಕ್ಷೇಮ ಎಂದು ಅನ್ನಿಸುತ್ತದೆ. ಹಾಗಲ್ಲ! ತಿರುಗುವ ಕಟರ್ ಕೈಗವಸನ್ನು ಹಿಡಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಯಂತ್ರ ಓಡುವಾಗ ಬರಿಗೈ, ಅದೂ ದೂರ. ಕಣ್ಣಿಗೆ ಪಕ್ಕದಲ್ಲೂ ಮುಚ್ಚುವ ಕನ್ನಡಕ ಕಡ್ಡಾಯ, ನೋಡುತ್ತ ನಿಂತವರಿಗೂ. ಕಿವಿಗೆ ಹತ್ತಿ ಸಾಲದು. ಅದಕ್ಕೆಂದೇ ಸಿಗುವ ಮುಚ್ಚಳ ಬೇಕು. ಕೆಂಪು ಗುಂಡಿಯೊಂದನ್ನು ಒತ್ತಿದರೆ ಎಲ್ಲ ನಿಲ್ಲಬೇಕು, ಆ ಗುಂಡಿ ಎಲ್ಲಿದೆ ಎಂದು ಮನೆಯವರೆಲ್ಲರಿಗೂ ಗೊತ್ತಿರಬೇಕು.

ಕಳೆದ ಸೂಜಿಯನ್ನು ಅಯಸ್ಕಾಂತ ಹಿಡಿದು ಹುಡುಕುತ್ತೀರಲ್ಲ, ಆ ಉಪಾಯ ಇಲ್ಲಿ ನಡೆಯದು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಗಾಲಿಗೆ ಹೊಕ್ಕ ಚೂರು, ಚಾಪೆಯಲ್ಲಿ ಸೇರಿಕೊಂಡ ಚೂರು, ಅಂಬೆಗಾಲಿಡುವ ಕೂಸಿನ ಅಂಗೈಗೆ ಚುಚ್ಚುವ ಚೂರು... ಆದ್ದರಿಂದ ಆ ಕೋಣೆಗೆ ಬೇರೆ ಚಪ್ಪಲಿ, ಬೇರೆ ಪೊರಕೆ. ಬಾಗಿಲಲ್ಲಿ ದಪ್ಪ ಕಾಲೊರಸು. ಚೂರನ್ನು ಬರಿಗೈಯಿಂದ ಬಾಚಬೇಡಿ, ಬಾಯಿಂದ ಊದಬೇಡಿ. ಆ ಬಟ್ಟೆಗಳನ್ನು ಮಗುವಿನ ಬಟ್ಟೆಗಳ ಜೊತೆ ಒಗೆಯಲು ಹಾಕಲೇಬೇಡಿ.

ಸುರುಳಿ ಚೂರಿಗೆ ಬೆಂಕಿ ಹತ್ತುವುದು ಕಷ್ಟ. ಹಿಟ್ಟಿನಂಥ ನುಣ್ಣನೆಯ ಪುಡಿಗೆ ಹಾಗಲ್ಲ, ಸುಲಭವಾಗಿ ಹತ್ತಿಕೊಳ್ಳುತ್ತದೆ. ಕಬ್ಬಿಣ ಸಾಣೆ ಹಿಡಿಯುವ ಚಕ್ರದಲ್ಲಿ ಅಲ್ಯೂಮಿನಿಯಂ ಸಾಣೆ ಹಿಡಿಯಬಾರದು. ತುಕ್ಕಿನ ಪುಡಿ ಮತ್ತು ಅಲ್ಯೂಮಿನಿಯಂ ಪುಡಿ ಸೇರಿ ಕಿಡಿ ಬಿದ್ದರೆ ಭೀಕರವಾಗಿ ಉರಿಯುತ್ತದೆ. ಉರಿಯುವ ಅಲ್ಯೂಮಿನಿಯಂ ಪುಡಿಗೆ ನೀರು ಹಾಕಿದರೆ ಆರುವ ಬದಲು ಹೆಚ್ಚುತ್ತದೆ. ಮೂಲೆಯಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟಿರಲಿ.

ಕರೆಂಟಿನ ವಿಷಯ ನಮ್ಮ ಊರುಗಳಲ್ಲಿ ಮರೆಯುವ ಹಾಗಿಲ್ಲ. ಕೆಲಸದ ನಡುವೆ ಕರೆಂಟು ಹೋದರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದೇ ಮರೆತುಹೋಗುತ್ತದೆ. ಮತ್ತೆ ಮೊದಲ ಚುಕ್ಕಿಗೆ ತಂದು ನಿಲ್ಲಿಸಿ ಶುರುಮಾಡಬೇಕು. ಕೂದಲೆಳೆ ತಪ್ಪಿದರೂ ತಗಡು ದಂಡ. ಗ್ರೈಂಡರಿನ ಪ್ಲಗ್ಗಿಗೆ ಸಿಕ್ಕಿಸಬೇಡಿ. ಅರ್ಥಿಂಗ್ ಸರಿಯಾಗಿರುವ ದಪ್ಪ ತಂತಿಯ ಬೇರೆ ಲೈನು ಎಳೆಸಿ. ಮನೆಯ ಸಂಪರ್ಕದಲ್ಲೇ ದುಡಿಮೆ ನಡೆಸಬಹುದೇ, ದರ ಬೇರೆಯೇ ಎಂಬುದನ್ನು ವಿದ್ಯುತ್ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಪಕ್ಕದ ಮನೆಯವರ ಮಧ್ಯಾಹ್ನದ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇದರ ಸದ್ದು ಮಿಕ್ಸಿಯ ಸದ್ದಲ್ಲವೇ ಎಂದರೆ, ಹೌದು, ಆದರೆ ಮಿಕ್ಸಿ ಐದು ನಿಮಿಷದಲ್ಲಿ ನಿಲ್ಲುತ್ತದೆ!

ಇನ್ನು ಬಳೆ

ಆ ತಾಯಿ ಬಳೆ ಅಡವಿಡದೆ ಬ್ಯಾಂಕಿಗೆ ಹೋದಳು. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂದು ಸಾಲದ ಮೆಟ್ಟಿಲುಗಳಿವೆ, ಅಡಮಾನ ಕೇಳುವಂತಿಲ್ಲ. ಅಡಮಾನವಿಲ್ಲ ಎಂದರೆ ಕಂತೂ ಇಲ್ಲ ಎಂದಲ್ಲ. ಬ್ಯಾಂಕಿನವರು ಯಂತ್ರದ ಬೆಲೆಪಟ್ಟಿ ಕೇಳುತ್ತಾರೆ, ಕೆಲಸ ಎಲ್ಲಿಂದ ಬರುತ್ತದೆ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಮಗಳ ಬಳಿ ಉತ್ತರವಿಲ್ಲದಿದ್ದರೆ ಸಾಲ ಸಿಕ್ಕರೂ ತೆಗೆದುಕೊಳ್ಳಬೇಡಿ.

ಬೆಲೆ ವಿಚಾರಿಸುವಾಗ ಯಂತ್ರದ ಬೆಲೆ ಒಂದನ್ನೇ ಕೇಳಬೇಡಿ. ಮುರಿಯುವ ಕಟರುಗಳು, ಕಲಿಯುವಾಗ ಹಾಳಾಗುವ ತಗಡು, ಬೇರೆ ಕರೆಂಟ್ ಲೈನು, ಕನ್ನಡಕ, ಕಂಪ್ಯೂಟರು ಎಲ್ಲವೂ ಸೇರಬೇಕು. ಕೆಟ್ಟರೆ ಯಾರು ಬಂದು ನೋಡುತ್ತಾರೆ, ಎಷ್ಟು ದಿನದಲ್ಲಿ, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಒಪ್ಪಬಹುದಾದ ಕೆಲಸಗಳೆಂದರೆ ಹೆಸರು ಫಲಕ, ತೆಳು ಪಟ್ಟಿಗಳು, ಸಣ್ಣ ಯಂತ್ರಗಳ ಹಿಡಿಕೆ ಬಿಲ್ಲೆಗಳು, ಕಾಲೇಜು ಹುಡುಗರ ಪ್ರಾಜೆಕ್ಟಿನ ಭಾಗಗಳು. ಉಕ್ಕಿನ ಕೆಲಸಕ್ಕೆ ಮೊದಲೇ ಕೈಮುಗಿಯಿರಿ. ಕಾರ್ಖಾನೆಯವರು ಸಾವಿರ ತುಂಡು ಕೇಳಿದರೂ ಹಿಗ್ಗಬೇಡಿ. ಅಷ್ಟಕ್ಕೆ ದೊಡ್ಡ ಯಂತ್ರವಿದೆ, ಬೆಲೆಯಲ್ಲಿ ಅದರ ಜೊತೆ ಪೈಪೋಟಿ ಆಗದು. ಒಂದು, ಎರಡು, ಹತ್ತು ತುಂಡು ಬೇಕಾದವರೇ ನಿಮ್ಮ ಗಿರಾಕಿ.

ಕಲಿಯದೆ ಯಂತ್ರ ತರುವುದಕ್ಕಿಂತ ಕಲಿತು ತರುವುದು ಅಗ್ಗ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ಜಿ.ಟಿ.ಟಿ.ಸಿ.ಗೆ, ಈಗ ರಾಜ್ಯದ ಅನೇಕ ಊರುಗಳಲ್ಲಿ ಶಾಖೆಗಳಿವೆ. ಹೆಣ್ಣುಮಕ್ಕಳೂ ಕಲಿಯುತ್ತಾರೆ. ದೊಡ್ಡ ಯಂತ್ರದ ಮುಂದೆ ನಾಲ್ಕು ದಿನ ನಿಂತವಳಿಗೆ ಚಿಕ್ಕ ಯಂತ್ರದ ಮಿತಿ ತಾನಾಗಿ ಗೊತ್ತಾಗುತ್ತದೆ.

ಕೋಣೆ ಗುಡಿಸಿ ಬಂದ ಚೂರನ್ನು ಕಸಕ್ಕೆ ಹಾಕಬೇಡಿ. ಗುಜರಿಯವರು ಅಲ್ಯೂಮಿನಿಯಂ ಕೊಳ್ಳುತ್ತಾರೆ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು ಐದರಷ್ಟರಲ್ಲೇ ಹಳೆಯದನ್ನು ಕರಗಿಸಿ ಮತ್ತೆ ಬಳಸಬಹುದು. ಮರದ ಹೊಟ್ಟು ಬೆರೆತರೆ ಬೆಲೆ ಸಿಗದು. ಮರದ ಕೆಲಸ ಮುಗಿದ ಮೇಲೆ ಪೂರ್ತಿ ಗುಡಿಸಿ ಅಲ್ಯೂಮಿನಿಯಂ ಶುರುಮಾಡಿ, ಚೂರನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ, ಒಣಗಿದ ಜಾಗದಲ್ಲಿ ತುಂಬಿಡಿ.